ಹೆಸರನ್ನು ಕನ್ನಡದಲ್ಲೂ ಬರೆಯತೊಡಗಿದ ಮೇಲೆ

ಕ್ಯಾನ್ಸರ್ ನೋಂದಣಿಗೆ, ಅಂದರೆ ಊರಿನಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬಂತು ಅಂತ ಲೆಕ್ಕ ಇಡುವ ಕೆಲಸಕ್ಕೆ, ಆಸ್ಪತ್ರೆಯವರೇ ಮಾಹಿತಿ ಕಳಿಸ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಮ್ಮಲ್ಲಿ ಹಾಗಿರಲಿಲ್ಲ, ನಾವೇ ಹೋಗಿ ತರಬೇಕಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1981ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಶುರು ಮಾಡಿದಾಗ ಮೊದಲು ಕೈಗೆತ್ತಿಕೊಂಡ ಊರುಗಳಲ್ಲಿ ಬೆಂಗಳೂರೂ ಒಂದು. ಆಗಿನಿಂದ ಈ ಕೆಲಸ ನಿಂತಿರುವುದು ಓಡಾಟದ ಮೇಲೆ: ರೆಕಾರ್ಡ್ ರೂಮ್, ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಲ್ಯಾಬ್, ಮರಣ ನೋಂದಣಿ ಕಚೇರಿ. ಬೆಂಗಳೂರಿನ ನಮ್ಮ ನೋಂದಣಿ ಘಟಕದಲ್ಲಿ ಇದ್ದವರು ಮೂವರು, ಕಂಪ್ಯೂಟರ್ ಒಂದು.

ಜಾಸ್ತಿ ಕಾಡಿದ್ದು ಒಬ್ಬರೇ ರೋಗಿ ಎರಡು ಸಲ ಲೆಕ್ಕಕ್ಕೆ ಬರುವುದು. ಒಂದು ಮಧ್ಯಾಹ್ನ ಎರಡು ಫಾರಂ ಪಕ್ಕಪಕ್ಕ ಇಟ್ಟು ನೋಡಿದೆ. ಲ್ಯಾಬಿನದರಲ್ಲಿ ‘ಲಕ್ಷ್ಮಿ ಆರ್.’, ವಯಸ್ಸು 50. ರೇಡಿಯೇಷನ್ ವಿಭಾಗದ್ದರಲ್ಲಿ ‘ಲಕ್ಷ್ಮಮ್ಮ, ಗಂಡ ರಂಗಪ್ಪ’, ವಯಸ್ಸು 54. (ಹೆಸರು ಬದಲಿಸಿದ್ದೇನೆ.) ಎರಡರಲ್ಲೂ ಎಡ ಸ್ತನ, ಎರಡರಲ್ಲೂ ಅದೇ ಅಡ್ಡರಸ್ತೆ. ಹಳೇ ಫೈಲ್ ತೆಗೆಸಿ ನೋಡಿದರೆ ಒಬ್ಬರೇ! ಇಂಗ್ಲಿಷಿನಲ್ಲಿ ಒಂದು ಕಡೆ ‘ಕೆಎಸ್ಎಚ್’, ಇನ್ನೊಂದು ಕಡೆ ‘ಎಕ್ಸ್’ ಹಾಕಿದ್ದರು. ಕಂಪ್ಯೂಟರಿಗೆ ಅವರು ಇಬ್ಬರು.

ಅವತ್ತಿನಿಂದ ಫಾರಂನಲ್ಲಿ ಹೆಸರನ್ನು ಕನ್ನಡದಲ್ಲೂ ಬರೆಯತೊಡಗಿದೆವು. ಖರ್ಚು ಏನೂ ಇಲ್ಲ. ಕನ್ನಡದಲ್ಲಿ ಲಕ್ಷ್ಮಿಗೆ ನಾಲ್ಕು ಸ್ಪೆಲಿಂಗ್ ಇಲ್ಲ ಅಲ್ವಾ? ಆದರೂ ಲಕ್ಷ್ಮಿ, ಲಕ್ಷ್ಮಮ್ಮ, ಲಕ್ಷ್ಮೀದೇವಿ ಬೇರೆಬೇರೆಯಾಗೇ ಉಳಿಯುತ್ತಾರೆ. ಅದಕ್ಕೆ ತಿಂಗಳಿಗೊಮ್ಮೆ ಪಟ್ಟಿಯನ್ನು ಗಂಡ ಅಥವಾ ತಂದೆಯ ಹೆಸರಿನ ಪ್ರಕಾರ ಜೋಡಿಸಿ, ಮೂವರೂ ಕೂತು ಕಣ್ಣಾಡಿಸುತ್ತಿದ್ದೆವು. ಹೆಸರು ಹೊಂದಿತು ಅಂತ ಸುಮ್ನೆ ಸೇರಿಸಿಬಿಡುವುದೂ ತಪ್ಪು. ಒಬ್ಬರಿಗೇ ಎರಡು ಬೇರೆ ಕ್ಯಾನ್ಸರ್ ಬರಬಹುದು. ಬಯಾಪ್ಸಿ ವರದಿ ನೋಡದೆ ಯಾವ ಫಾರಂನ್ನೂ ತೆಗೆಯುತ್ತಿರಲಿಲ್ಲ.

ಪ್ರಾಸ್ಟೇಟ್ ಗಂಡಸರಿಗೆ ಮಾತ್ರ ಇರುವ ಗ್ರಂಥಿ; ಹೆಂಗಸಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಒತ್ತಿದರೆ ಕಂಪ್ಯೂಟರೇ ತಪ್ಪು ಹಿಡಿಯುತ್ತದೆ. ಲಿವರ್ ಅಂತ ಬರೆದಿದ್ದರೆ ಹಿಡಿಯುವುದಿಲ್ಲ. ಕರುಳಿನಲ್ಲಿ ಶುರುವಾಗಿ ಲಿವರಿಗೆ ಹರಡಿರಬಹುದು; ಆಗ ಅದನ್ನು ಕರುಳಿನ ಕ್ಯಾನ್ಸರ್ ಅಂತಲೇ ಬರೆಯಬೇಕು. ಅಂಥ ಫಾರಂ ಬಂದಾಗಲೆಲ್ಲ ಮತ್ತೆ ರೆಕಾರ್ಡ್ ರೂಮಿಗೆ ಹೋಗುವುದೇ ದಾರಿ. ನೂರರಲ್ಲಿ ಹತ್ತು ಫಾರಂಗಳನ್ನು ಇನ್ನೊಬ್ಬರು ಮೊದಲಿನದನ್ನು ನೋಡದೆ ಫೈಲಿನಿಂದ ಹೊಸದಾಗಿ ತುಂಬುತ್ತಿದ್ದರು. ಜಾಸ್ತಿ ತಾಳೆಯಾಗದೆ ಹೋಗಿದ್ದು ರೋಗ ಪತ್ತೆಯಾದ ತಾರೀಖು. ಒಬ್ಬರು ಬಯಾಪ್ಸಿ ತೆಗೆದ ದಿನ ಬರೆದರೆ, ಇನ್ನೊಬ್ಬರು ವರದಿ ಬಂದ ದಿನ ಬರೆಯುತ್ತಿದ್ದರು. ಯಾವುದು ಬರೆಯಬೇಕು ಅಂತ ಒಂದೇ ನಿಯಮ ಮಾಡಿ ಮೇಜಿನ ಎದುರಿನ ಗೋಡೆಗೆ ಅಂಟಿಸಿದೆವು.

ವಿಳಾಸದ ವಿಷಯದಲ್ಲಿ ನನಗೆ ಪಾಠ ಹೇಳಿದ್ದು ಒಬ್ಬ ಅಜ್ಜಿ. ಕೇಸ್ ಶೀಟಿನಲ್ಲಿ ಬೆಂಗಳೂರಿನ ವಿಳಾಸವಿತ್ತು. ಕನಿಷ್ಠ ಒಂದು ವರ್ಷ ಇಲ್ಲಿ ವಾಸವಿದ್ದವರನ್ನು ಮಾತ್ರ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

“ಅಜ್ಜಿ, ಮನೆ ಎಲ್ಲಿ?” ಅಂದೆ.

“ಇಲ್ಲೇ ಕಣಪ್ಪ, ಮಗಳ ಮನೆ.”

“ರೇಷನ್ ಎಲ್ಲಿ ತಗೊಳ್ತೀರಿ?”

“ಅದು ಊರಲ್ಲಿ. ಇಲ್ಲಿಗೆ ಬಂದು ಮೂರು ವಾರ ಆಯ್ತು, ಕರೆಂಟ್ ಕೊಡಿಸೋಕೆ.”

ಕರೆಂಟ್ ಅಂದರೆ ರೇಡಿಯೇಷನ್. ಅಜ್ಜಿಯನ್ನು ಬೆಂಗಳೂರಿನ ಲೆಕ್ಕದಿಂದ ತೆಗೆದು, ಅವರ ಊರು, ತಾಲ್ಲೂಕು, ಜಿಲ್ಲೆ ಕೇಳಿ ಬರೆದುಕೊಂಡೆ. ಆಮೇಲೆ ಎಲ್ಲರಿಗೂ ರೇಷನ್ ಪ್ರಶ್ನೆಯನ್ನೇ ಮೊದಲು ಕೇಳತೊಡಗಿದೆ.