ಒಂದೇ ಲೇಬಲ್ ಸಾಕಾಯ್ತು

"1919ರ ವ್ಯಂಗ್ಯಚಿತ್ರ ಈಗ ಯಾರಿಗೆ ಬೇಕು ಮಾರಾಯಾ?" ಅಂತ ಗೆಳೆಯರೆಲ್ಲ ನಕ್ಕಿದ್ದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಜೊತೆ ಆದ ವರ್ಸೇಲ್ಸ್ ಒಪ್ಪಂದದ ಕಾಲದ ಎಂಟು ಚಿತ್ರಗಳನ್ನು ಕೈಯಲ್ಲೇ ಮತ್ತೆ ಬರೆದು ನಮ್ಮೂರ ಕಾಲೇಜಿನಲ್ಲಿ ತೂಗುಹಾಕಿದೆ. ಮೂರು ದಿನಕ್ಕೆ ಮುನ್ನೂರು, ಮುನ್ನೂರೈವತ್ತು ಜನ ಬಂದಿರಬೇಕು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಹಿಂದಿನ ವರ್ಷ ಇದೇ ಕೆಲಸದಲ್ಲಿ ಮಕಾಡೆ ಬಿದ್ದಿದ್ದೆ. ಪ್ರತಿ ಟೋಪಿ, ಪ್ರತಿ ಪೆಟ್ಟಿಗೆ ಮೇಲೂ ಕನ್ನಡದಲ್ಲಿ ಲೇಬಲ್: ಫ್ರಾನ್ಸ್, ಜರ್ಮನಿ, ಯುದ್ಧ ಪರಿಹಾರ. ಜನ ಲೇಬಲ್ ಓದಿದರು, ಹೋದರು. ಸಾಲದ್ದಕ್ಕೆ ಫ್ಲೆಕ್ಸ್ ಹಾಕಿಸಿದ್ದೆ. ಟ್ಯೂಬ್‌ಲೈಟ್ ಹೊಳಪಿಗೆ ಅರ್ಧ ಗೆರೆ ಕಾಣಲೇ ಇಲ್ಲ. ನಾಲ್ಕು ಸಾವಿರದ ಹತ್ತಿರ ನೀರಲ್ಲಿ ಹೋಮ.

ಈ ಸಲ ಐವರಿ ಶೀಟ್, ಇಂಡಿಯನ್ ಇಂಕ್, ಬ್ರಷ್ ಅಷ್ಟೇ. ಪ್ರಿಂಟ್ ಗೊಡವೆಗೆ ಹೋಗಲಿಲ್ಲ. ಸಾವಿರದ ಐನೂರರಲ್ಲಿ ಮುಗೀತು.

ಆಸ್ಟ್ರೇಲಿಯಾದ ವ್ಯಂಗ್ಯಚಿತ್ರಕಾರ ವಿಲ್ ಡೈಸನ್ 1919ರ ಮೇ ತಿಂಗಳಲ್ಲಿ ಲಂಡನ್ನಿನ 'ಡೈಲಿ ಹೆರಾಲ್ಡ್' ಪತ್ರಿಕೆಗೆ ಬರೆದದ್ದು ಗೊತ್ತಲ್ವಾ? ಸಂಧಾನ ಮುಗಿಸಿ ದೊಡ್ಡವರು ಹೊರಗೆ ಬರುತ್ತಿದ್ದಾರೆ. ಕಂಬದ ಹಿಂದೆ ಬೆತ್ತಲೆ ಮಗುವೊಂದು ಅಳುತ್ತಿದೆ. 'ಎಲ್ಲೋ ಮಗು ಅತ್ತ ಹಾಗಿದೆಯಲ್ಲ' ಅಂತಾನೆ ಹುಲಿ, ಅಂದ್ರೆ ಆ ಅಡ್ಡಹೆಸರಿನ ಫ್ರಾನ್ಸ್ ಪ್ರಧಾನಿ ಕ್ಲೆಮೆನ್ಸೋ. ಮಗುವಿನ ತಲೆ ಮೇಲೆ '1940ರ ತಂಡ' ಅಂತಿದೆ. ಆ ವರ್ಷ ಸೈನ್ಯಕ್ಕೆ ಹೋಗಬೇಕಾದವರು. ನಾನು ಸೇರಿಸಿದ್ದ ಲೇಬಲ್‌ಗಳನ್ನೆಲ್ಲ ಕಿತ್ತು ಇದೊಂದನ್ನೇ ಬಿಟ್ಟೆ. ಮಗುವಿನ ಬೆನ್ನು ಮಾತ್ರ ಆರು ಸಲ ಕೆಟ್ಟಿತು. ಒಂದು ಗೆರೆ ಜಾಸ್ತಿಯಾದರೆ ಮುದುಕನ ಬೆನ್ನು! ಕೊನೆಗೆ ಗೆರೆ ಬಿಟ್ಟು ಬರೀ ಬೂದು ನೆರಳಲ್ಲಿ ತೆಗೆದೆ.

ನಡುವೆ ಒಂದು ತಲೆಹರಟೆ. ಇಂಗ್ಲೆಂಡಿನ ಹಾಸ್ಯಪತ್ರಿಕೆ 'ಪಂಚ್'ನಲ್ಲಿ ರೇವನ್-ಹಿಲ್ ಬರೆದ ಸೇತುವೆ ಇದೆಯಲ್ಲ, ರಾಷ್ಟ್ರಸಂಘದ (ಲೀಗ್ ಆಫ್ ನೇಷನ್ಸ್) ಕಮಾನಿಗೆ ನಟ್ಟನಡುವಿನ ಕಲ್ಲೇ ಇಲ್ಲ, ಅಂಕಲ್ ಸ್ಯಾಮ್, ಅಂದ್ರೆ ಸಂಘಕ್ಕೆ ಸೇರದ ಅಮೆರಿಕ, ಆ ಕಲ್ಲಿಗೆ ಒರಗಿ ಆರಾಮಾಗಿದ್ದಾನೆ. ಅದನ್ನು ನಮ್ಮ ಮಲೆನಾಡಿನ ಸಂಕ, ಅಂದ್ರೆ ಮರದ ಕಾಲುಸೇತುವೆ ಮಾಡಹೊರಟೆ. ಎರಡು ದಿನ ದಂಡ. ಸಂಕದಲ್ಲಿ ಒಂದು ಮರ ತೆಗೆದರೂ ಹೇಗೋ ದಾಟಬಹುದು, ಜೋಕೇ ಸತ್ತಿತು. ಸುಮ್ನೆ ಕಲ್ಲಿನ ಕಮಾನಿಗೇ ವಾಪಸ್ ಬಂದೆ.

ಕೊನೆಯ ದಿನ ಪಿಯುಸಿ ಹುಡುಗನೊಬ್ಬ ಡೈಸನ್ ಚಿತ್ರದ ಮುಂದೆ ಬೆರಳು ಮಡಿಸುತ್ತಾ ನಿಂತಿದ್ದ. "ಸರ್, ಆಗ ಇವನಿಗೆ ಇಪ್ಪತ್ತೊಂದು ಅಲ್ವಾ?" ಅಂದ. ಮೊದಲು ನಕ್ಕಿದ್ದ ಗೆಳೆಯ ಪಕ್ಕದಲ್ಲೇ ಇದ್ದ. ಅವನು ಚಿತ್ರಕ್ಕೆ ಮೂಗು ತಾಗಿಸಿ, ಬೆನ್ನಿನ ನೆರಳು ಹೇಗೆ ತೆಗೆದೆ ಅಂತ ಕೇಳಿದ. ಇನ್ನೂ ಹೇಳಿಲ್ಲ.