ಹಳೇ ಫ್ಲ್ಯಾಟ್ ಕೊಳ್ಳುವ ಮುಂಚೆ ಕೆಳಗಿನ ಮನೆ ಬೆಲ್ ಒತ್ತಿ

ನಮ್ಮ ಚಿಕ್ಕಮ್ಮನ ಮಗ ಮಲ್ಲೇಶ್ವರದಲ್ಲಿ ಫ್ಲ್ಯಾಟ್ ತಗೊಂಡಿದ್ದು ಫೆಬ್ರವರಿಯಲ್ಲಿ. 1993ರಲ್ಲಿ ಕಟ್ಟಿದ್ದು, ಎರಡನೇ ಮಹಡಿ, ಕಿಟಕಿ ಆಚೆ ಹೊಂಗೆ ಮರ. ಒಳಗೆಲ್ಲ ಹೊಸ ಪೇಂಟಿನ ವಾಸನೆ. ಅವನಿಗೆ ಅದೇ ಹಿಡಿಸಿತು. ಆಗಸ್ಟಿನಲ್ಲಿ ಫೋನ್ ಬಂತು: ‘ಅಕ್ಕಾ, ಬಚ್ಚಲುಮನೆ ಫಾಲ್ಸ್ ಸೀಲಿಂಗ್ ಹೊಟ್ಟೆ ಬಿಟ್ಟಿದೆ.’

ಹೀಗೆ ಹಳೇ ಫ್ಲ್ಯಾಟ್ ನೋಡಲು ಹೊರಟವರ ಜೊತೆ ನಾನು ಐದಾರು ಸಲ ಹೋಗಿದ್ದೇನೆ. ಜಯನಗರ, ಬಸವನಗುಡಿ, ರಾಜಾಜಿನಗರ, ಎಲ್ಲಿಗೆ ಹೋದರೂ ಒಂದೇ ಕತೆ. ಅಡುಗೆಮನೆ ಕಪಾಟು ತೆಗೆದು ನೋಡುತ್ತಾರೆ, ಬಾಲ್ಕನಿಯಲ್ಲಿ ನಿಂತು ‘ಎಷ್ಟು ಗಾಳಿ ಅಲ್ವಾ’ ಅನ್ನುತ್ತಾರೆ, ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಕಪಾಟು ಬದಲಾಯಿಸಬಹುದು. ಕಟ್ಟಡ ಬದಲಾಯಿಸಲು ಆಗಲ್ಲ.

1. ಮೊದಲು ಜಾಗದ ಲೆಕ್ಕ

ಮೂವತ್ತು ವರ್ಷದ ಗೋಡೆಗೆ ಬೆಲೆ ಕಮ್ಮಿ. ಬೆಲೆ ಇರುವುದು ಅದರ ಕೆಳಗಿನ ನೆಲಕ್ಕೆ. ಆ ನೆಲದಲ್ಲಿ ನಿಮಗೆ ಬರುವ ಪಾಲನ್ನು ಯುಡಿಎಸ್ ಅನ್ನುತ್ತಾರೆ, ಅಂದರೆ ಅವಿಭಾಜ್ಯ ಪಾಲು. ಅದು ಕ್ರಯಪತ್ರದ ಷೆಡ್ಯೂಲಿನಲ್ಲಿ ಬರೆದಿರುತ್ತದೆ. ಬ್ರೋಕರ್ ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ.

ಲೆಕ್ಕಕ್ಕೆ ಅಂತ 80×100 ಸೈಟು ಇಟ್ಟುಕೊಳ್ಳಿ, ಅಂದರೆ 8000 ಚದರ ಅಡಿ. ಹದಿನಾರು ಸಮನಾದ ಫ್ಲ್ಯಾಟ್ ಇದ್ದರೆ ಒಬ್ಬೊಬ್ಬರಿಗೆ 500 ಅಡಿ. ಆ ರಸ್ತೆಯಲ್ಲಿ ಖಾಲಿ ಸೈಟಿನ ಬೆಲೆ ಅಡಿಗೆ 16,000 ರೂಪಾಯಿ ಆದರೆ ನಿಮ್ಮ ಪಾಲಿನ ನೆಲವೇ 80 ಲಕ್ಷ. ಫ್ಲ್ಯಾಟಿಗೆ 1.10 ಕೋಟಿ ಕೇಳುತ್ತಿದ್ದರೆ ಹಳೇ ಕಟ್ಟಡಕ್ಕೆ ನೀವು ಕೊಡುತ್ತಿರುವುದು 30 ಲಕ್ಷ. ಈ ಲೆಕ್ಕ ಕೂತರೆ ಮುಂದಕ್ಕೆ ಹೋಗಿ. ಪಾಲು 250 ಅಡಿ ಮಾತ್ರ, ರೇಟು ಮಾತ್ರ ಅದೇ ಅಂದರೆ ಕಾಫಿ ಕುಡಿದು ವಾಪಸ್ ಬನ್ನಿ.

ಎಲ್ಲ ಫ್ಲ್ಯಾಟುಗಳ ಪಾಲು ಕೂಡಿಸಿದರೆ ಪೂರ್ತಿ ಸೈಟು ಬರಬೇಕು. ಬಿಲ್ಡರ್ ಒಂದಷ್ಟು ತನ್ನ ಹೆಸರಲ್ಲೇ ಉಳಿಸಿಕೊಂಡಿರುವುದೂ ಉಂಟು. ಟೆರೇಸ್ ಯಾರದ್ದು ಅಂತಲೂ ಕೇಳಿ. ಅಂದ ಹಾಗೆ, ‘ಮುಂದೆ ಕೆಡವಿ ಹೊಸದಾಗಿ ಕಟ್ಟುತ್ತಾರೆ, ಡಬಲ್ ಆಗುತ್ತೆ’ ಎಂಬ ಮಾತಿಗೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ. ಹದಿನಾರು ಮನೆಯಲ್ಲಿ ಒಬ್ಬರು ‘ಒಲ್ಲೆ’ ಅಂದರೆ ಸಾಕು, ಆ ಮಾತು ವರ್ಷಗಟ್ಟಲೆ ಅಲ್ಲೇ ನಿಲ್ಲುತ್ತದೆ.

2. ನೀರು ಎಲ್ಲಿ ಇಳಿಯುತ್ತಿದೆ?

ಜನ ಎಡವುವುದೇ ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಬಚ್ಚಲುಮನೆಯ ಸ್ಲ್ಯಾಬನ್ನು ಸಾಮಾನ್ಯವಾಗಿ ಒಂದಡಿಯಷ್ಟು ಕೆಳಗೆ ಇಳಿಸಿ ಹಾಕಿರುತ್ತಾರೆ. ಗಾರೆಯವರು ಇದಕ್ಕೆ ಸಂಕನ್ ಸ್ಲ್ಯಾಬ್ ಅನ್ನುತ್ತಾರೆ. ಆ ತೊಟ್ಟಿಯಲ್ಲಿ ಪೈಪ್ ಎಳೆದು, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಕೂರಿಸುತ್ತಾರೆ. ವರ್ಷ ಕಳೆದಂತೆ ಪೈಪಿನ ಜಾಯಿಂಟ್ ಬಿಡುತ್ತದೆ, ನಹಾನಿ ಟ್ರ್ಯಾಪಿನ (ಬಚ್ಚಲಿನ ನೀರು ಹೋಗುವ ಜಾಲರಿ ತೂತು) ಸುತ್ತ ಸಂದು ಬೀಳುತ್ತದೆ. ನೀರು ತೊಟ್ಟಿಯಲ್ಲಿ ನಿಂತು ಸ್ಲ್ಯಾಬಿಗೆ ಇಳಿಯುತ್ತದೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ ಕಬ್ಬಿಣ ಕಾಂಕ್ರೀಟನ್ನು ಒಡೆದು ಕೆಳಕ್ಕೆ ತಳ್ಳುತ್ತದೆ. ಇದೆಲ್ಲ ಕಾಣುವುದು ನಿಮಗಲ್ಲ, ಕೆಳಗಿನ ಮನೆಯವರಿಗೆ. ನಿಮಗೆ ಕಾಣುವುದು ಮೇಲಿನವರ ಕರ್ಮ.

ಆದ್ದರಿಂದ ಕೆಳಗಿನ ಮನೆ ಬೆಲ್ ಒತ್ತಿ. ‘ಮೇಲಿನ ಮನೆ ನೋಡೋಕೆ ಬಂದಿದ್ದೀವಿ, ನಿಮ್ಮ ಬಾತ್‌ರೂಮ್ ಸೀಲಿಂಗ್ ಒಂದ್ಸಲ ನೋಡಬಹುದಾ?’ ಅಂತ ಕೇಳಿ. ನಾನು ಕೇಳಿದಾಗ ಯಾರೂ ಬೇಡ ಅಂದಿಲ್ಲ. ಒಬ್ಬ ಆಂಟಿಯಂತೂ ಹತ್ತು ವರ್ಷದ ಜಗಳದ ಕತೆಯನ್ನೆಲ್ಲ ಹೇಳಿ, ಕೊನೆಗೆ ಕಮೋಡ್ ಮೇಲೆ ಇಟ್ಟಿದ್ದ ಬಕೆಟ್ ತೋರಿಸಿದರು. ಹಳದಿ ಉಂಗುರ, ಉದುರುವ ಬಿಳಿ ಉಪ್ಪಿನ ಪುಡಿ, ಕಬ್ಬಿಣದ ಗೆರೆಯುದ್ದಕ್ಕೆ ನೇರವಾಗಿ ಹೋದ ಬಿರುಕು, ಅದರಿಂದ ಇಳಿದ ಕಂದು ಕಲೆ ಇವೆಯಾ ನೋಡಿ. ಮೊದಲೆರಡು ಇದ್ದರೆ ರಿಪೇರಿ ಖರ್ಚು. ಕೊನೆಯವು ಇದ್ದರೆ ಸ್ಟ್ರಕ್ಚರಲ್ ಇಂಜಿನಿಯರ್ ಬರದೆ ಮುಂದಿನ ಮಾತೇ ಬೇಡ.

ನೀವು ಕೊಳ್ಳುವ ಮನೆಯ ಬಚ್ಚಲಿಗೆ ಈಚೆಗೆ ಪಿವಿಸಿ ಪ್ಯಾನೆಲ್ ಅಥವಾ ಫಾಲ್ಸ್ ಸೀಲಿಂಗ್ ಹಾಕಿದ್ದರೆ ಒಂದು ತುಂಡು ಬಿಚ್ಚಿ ತೋರಿಸಲು ಹೇಳಿ. ನಮ್ಮ ಹುಡುಗ ಕೇಳಲಿಲ್ಲ.

ಆಮೇಲೆ ನೀರಿನ ಪರೀಕ್ಷೆ. ನಹಾನಿ ಟ್ರ್ಯಾಪಿಗೆ ಬಟ್ಟೆ ತುರುಕಿ, ಒಂದೆರಡು ಇಂಚು ನೀರು ನಿಲ್ಲಿಸಿ, 24 ಗಂಟೆ ಬಿಟ್ಟು ಕೆಳಗಿನ ಮನೆಯಲ್ಲಿ ನೋಡಬೇಕು. ಮಾರುವವರು ಸುಮ್ನೆ ಸುಮ್ನೆ ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಟೈಲ್ಸ್ ಸಂದಿಗೆ ಹಚ್ಚುವ ಕೆಮಿಕಲ್, ಸೀಲಿಂಗಿಗೆ ಬಳಿಯುವ ವಾಟರ್‌ಪ್ರೂಫ್ ಪೇಂಟ್ ಎರಡಕ್ಕೂ ನಾನೇ ದುಡ್ಡು ಸುರಿದು ನೋಡಿದ್ದೇನೆ. ಒಂದು ಮಳೆಗಾಲ ತಡೆದವು, ಅಷ್ಟೇ. ಗಟ್ಟಿ ಮದ್ದು ಒಂದೇ: ಮೇಲಿನ ಮನೆಯ ಟೈಲ್ಸ್ ಒಡೆದು, ಇಟ್ಟಿಗೆ ಚೂರು ತೆಗೆದು, ಪೈಪ್ ಬದಲಾಯಿಸಿ, ವಾಟರ್‌ಪ್ರೂಫಿಂಗ್ ಮಾಡಿ ಮತ್ತೆ ತುಂಬುವುದು. ಮೇಲಿನ ಮಾಲೀಕರು ಅಮೆರಿಕದಲ್ಲಿದ್ದು ಬಾಡಿಗೆಯವರು ಮಾತ್ರ ಇಲ್ಲಿದ್ದರೆ ಎಷ್ಟು ಸಲ ಫೋನ್ ಮಾಡಬೇಕಾಗುತ್ತದೆ, ನೀವೇ ಯೋಚಿಸಿ.

ಹೊರಡುವ ಮುಂಚೆ ಕೆಳಗಿನ ಪಾರ್ಕಿಂಗಿಗೆ ಇಳಿಯಿರಿ. ಅಲ್ಲಿ ಯಾರೂ ಮುದ್ದಾಗಿ ಪೇಂಟ್ ಮಾಡಿರುವುದಿಲ್ಲ, ಕಟ್ಟಡ ನಿಜ ಹೇಳುತ್ತದೆ. ಸಂಪಿನ ಹತ್ತಿರದ ಕಂಬದ ಬುಡವನ್ನು ಬೀಗದ ಕೈಯಿಂದ ತಟ್ಟಿ. ಟಣ್ ಅಂದರೆ ಸರಿ, ಡಬ್ ಡಬ್ ಅಂದರೆ ಒಳಗೆ ಟೊಳ್ಳು. ಟೆರೇಸಿನಲ್ಲಿ ಓವರ್‌ಹೆಡ್ ಟ್ಯಾಂಕಿನ ತಳ ನೋಡಿ. ಸಾಧ್ಯವಾದರೆ ಮಳೆ ಬಂದ ಮಾರನೇ ದಿನವೇ ಹೋಗಿ. ಬೇಸಿಗೆಯಲ್ಲಿ ಹಳೇ ಫ್ಲ್ಯಾಟ್ ಕೊಳ್ಳುವುದನ್ನು ನಾನಂತೂ ಒಪ್ಪುವುದಿಲ್ಲ.

3. ಕರೆಂಟು, ಪೈಪು

ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಎರಡು ಕಿಲೋವ್ಯಾಟ್ ಇದ್ದರೆ ಗೀಸರ್, ಎಸಿ ಒಟ್ಟಿಗೆ ಎಳೆಯಲ್ಲ. ಹಳೇ ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ್ದು) ಇದ್ದರೆ ಬೆಳಗ್ಗೆ ನಲ್ಲಿ ಬಿಟ್ಟಾಗ ಮೊದಲ ಚೊಂಬು ಕಂದು ಬಣ್ಣ ಬರುತ್ತದೆ.

4. ಅಸೋಸಿಯೇಷನ್ ಪುಸ್ತಕ

ಕಳೆದ ಮೂರು ವರ್ಷದ ಲೆಕ್ಕ ಕೇಳಿ. ಬ್ಯಾಂಕಿನಲ್ಲಿ ಎಷ್ಟಿದೆ, ಯಾರ್‍ಯಾರು ಮೇಂಟೆನೆನ್ಸ್ ಬಾಕಿ, ಲಿಫ್ಟಿನ ಲೈಸೆನ್ಸ್ ನವೀಕರಣ ಆಗಿದೆಯಾ. 2024ರ ಮಾರ್ಚ್, ಏಪ್ರಿಲ್ ತಿಂಗಳ ಟ್ಯಾಂಕರ್ ಬಿಲ್ ಇದ್ದರೆ ಅದನ್ನೂ ನೋಡಿ. ಬೋರ್‌ವೆಲ್ ಒಣಗಿದ ಆ ಬೇಸಿಗೆಯಲ್ಲಿ ಈ ಕಟ್ಟಡ ಹೇಗೆ ನೀರು ಕುಡಿಯಿತು ಅಂತ ಗೊತ್ತಾಗುತ್ತದೆ. ಕಾವೇರಿ ಕನೆಕ್ಷನ್ ಇದೆ ಅಂದರೆ ಸಾಲದು, ವಾರಕ್ಕೆ ಎಷ್ಟು ದಿನ ಬಿಡುತ್ತಾರೆ ಅಂತ ವಾಚ್‌ಮನ್ ಹತ್ತಿರ ಕೇಳಿ. ತಿಂಗಳಿಗೆ 1,500 ರೂಪಾಯಿ ಮೇಂಟೆನೆನ್ಸ್ ಅಂತ ಹಿಗ್ಗಬೇಡಿ. ಅಷ್ಟು ಕಮ್ಮಿ ಅಂದರೆ ಟೆರೇಸ್ ರಿಪೇರಿಗೆ ಅಂತ ಯಾರೂ ಏನೂ ಎತ್ತಿಟ್ಟಿಲ್ಲ ಅಂತಲೇ ತಿಳಿಯಿರಿ.

5. ಕಾಗದ ಪತ್ರ

ಇದಕ್ಕೆ ವಕೀಲರನ್ನು ಹಿಡಿಯಿರಿ, ಬ್ರೋಕರ್ ಕಡೆಯವರನ್ನಲ್ಲ. ಮೂಲ ಪತ್ರ, ಇಲ್ಲಿವರೆಗಿನ ಎಲ್ಲ ಕ್ರಯಪತ್ರ, ಫ್ಲ್ಯಾಟಿನದೇ ಇ-ಖಾತಾ, ತೆರಿಗೆ ರಸೀದಿ, 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಪ್ರಕಾರ ನೋಂದಾಯಿಸಿದ ಡೀಡ್ ಆಫ್ ಡಿಕ್ಲರೇಷನ್ (ಯಾವ ಫ್ಲ್ಯಾಟಿಗೆ ಎಷ್ಟು ಪಾಲು ಅಂತ ಬರೆದಿರುವ ಘೋಷಣಾ ಪತ್ರ) ಇದ್ದರೆ ಅದು. ಇಸಿ, ಅಂದರೆ ಆಸ್ತಿಯ ಮೇಲೆ ನೋಂದಾಯಿಸಿದ ಮಾರಾಟ, ಅಡಮಾನ ತೋರಿಸುವ ಋಣಭಾರ ಪತ್ರ, ಆನ್‌ಲೈನಿನಲ್ಲಿ 2004ರಿಂದ ಈಚೆಗೆ ಮಾತ್ರ ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ತೆಗೆಸಬೇಕು, ಸೋಮಾರಿತನ ಮಾಡಬೇಡಿ. ಹಳೇ ಕಟ್ಟಡಗಳಲ್ಲಿ ಓಸಿ (ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಪಾಲಿಕೆಯವರು ಕೊಡುವ ಪತ್ರ) ಇಲ್ಲದಿರುವುದು ಮಾಮೂಲಿ, ಬ್ಯಾಂಕಿನವರು ಸಾಲಕ್ಕೆ ತಕರಾರು ತೆಗೆಯುವುದೂ ಅಲ್ಲೇ. ಓಸಿ ಇಲ್ಲದಿದ್ದರೂ ಪ್ಲ್ಯಾನಿನಂತೆ ಕಟ್ಟಿದ್ದರೆ ಯೋಚಿಸಬಹುದು. ಪ್ಲ್ಯಾನಿನಲ್ಲಿ ಮೂರು ಮಹಡಿ, ಎದುರಿಗೆ ನಾಲ್ಕು ನಿಂತಿದ್ದರೆ, ಅದರಲ್ಲೂ ನಿಮ್ಮದೇ ನಾಲ್ಕನೆಯದಾದರೆ, ಬೇಡವೇ ಬೇಡ.

6. ಪೂರ್ತಿ ಖರ್ಚು, ಆಮೇಲೆ ಚೌಕಾಸಿ

1.10 ಕೋಟಿ ಅಂದರೆ 1.10 ಕೋಟಿಗೆ ಮುಗಿಯಲ್ಲ. ಮುದ್ರಾಂಕ ಶುಲ್ಕ ಸೆಸ್ ಎಲ್ಲ ಸೇರಿ 5.6%, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 2%. ಒಟ್ಟು 8.36 ಲಕ್ಷ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾರುವವರಿಗೆ ಕೊಡುವ ಹಣದಲ್ಲಿ 1% ಟಿಡಿಎಸ್ (ಅವರ ಹೆಸರಿನ ಆದಾಯ ತೆರಿಗೆ) ಮುರಿದು ಸರ್ಕಾರಕ್ಕೆ ನೀವೇ ಕಟ್ಟಬೇಕು. ಮಾರುವವರು ಹೊರದೇಶದಲ್ಲಿ ನೆಲೆಸಿದ್ದರೆ ಟಿಡಿಎಸ್ ಲೆಕ್ಕವೇ ಬೇರೆ, ತುಂಬಾ ಜಾಸ್ತಿ. ಮಲ್ಲೇಶ್ವರದ ಕಡೆ ಇದು ಅಪರೂಪವಲ್ಲ, ಮೊದಲೇ ಕೇಳಿಬಿಡಿ.

ಎರಡು ಬಚ್ಚಲು ಒಡೆದು ಕಟ್ಟಲು, ವೈರಿಂಗ್ ಬದಲಾಯಿಸಲು ಎಷ್ಟಾಗುತ್ತದೆ ಅಂತ ಕಂಟ್ರಾಕ್ಟರ್ ಹತ್ತಿರ ಬರೆಸಿಕೊಂಡು, ಆ ಚೀಟಿ ಮೇಜಿನ ಮೇಲಿಟ್ಟು ಬೆಲೆ ಮಾತಾಡಿ. ‘ಬೇರೆ ಪಾರ್ಟಿ ನಾಳೆನೇ ಟೋಕನ್ ಕೊಡ್ತಾರೆ’ ಅಂತ ಬ್ರೋಕರ್ ಹೇಳಿಯೇ ಹೇಳುತ್ತಾರೆ. ಕೊಡಲಿ ಬಿಡಿ. ನೀವು ಕೊಡುವ ಟೋಕನ್ ಮಾತ್ರ ವಕೀಲರು ಪತ್ರ ನೋಡಿ, ಕೆಳಗಿನ ಮನೆ ಸೀಲಿಂಗ್ ನೀವು ನೋಡಿ, ಎರಡೂ ಆದ ಮೇಲೆ, ಚೆಕ್ಕಿನಲ್ಲಿ.