ಬಳಕೆದಾರರ ಹಾದಿಗೆ ಯಾವ ನಕ್ಷೆ?

ರೈಲು ಟಿಕೆಟ್ ಕಾಯ್ದಿರಿಸುವ ಆ್ಯಪ್‌ನಲ್ಲಿ ಬಳಕೆದಾರರು ಯಾವ ಪರದೆಯಿಂದ ಯಾವ ಪರದೆಗೆ ಹೋಗುತ್ತಾರೆಂಬುದನ್ನಷ್ಟೇ ತೋರಿಸಬೇಕಿದ್ದರೆ ಫ್ಲೋಚಾರ್ಟ್ ಸಾಕು. ಹಂತಕ್ಕೆ ಆಯತವನ್ನೂ ‘ಸೀಟು ಇದೆಯೇ?’ ಎಂಬಂಥ ಪ್ರಶ್ನೆಗೆ ವಜ್ರಾಕೃತಿಯನ್ನೂ ಬಳಸಿ, ಅಲ್ಲಿಂದ ಹೊರಡುವ ಬಾಣಗಳ ಮೇಲೆ ‘ಹೌದು’, ‘ಇಲ್ಲ’ ಎಂದು ತಪ್ಪದೆ ಬರೆಯಿರಿ. ಹಣ ಪಾವತಿಯ ಘಟ್ಟಕ್ಕೆ ಬಂದಾಗ ಮಾತ್ರ ಈ ನಕ್ಷೆ ಸಾಲದು. ಆ್ಯಪ್, ಸರ್ವರ್ ಮತ್ತು ಬ್ಯಾಂಕಿನ ನಡುವೆ ಯಾವ ಸಂದೇಶ ಮೊದಲು ಹೋಯಿತು, ಯಾವುದಕ್ಕೆ ಉತ್ತರ ಬರಲಿಲ್ಲ ಎಂಬುದೇ ಅಲ್ಲಿ ಮುಖ್ಯವಾದ್ದರಿಂದ, ಕಾಲವು ಮೇಲಿನಿಂದ ಕೆಳಕ್ಕೆ ಸಾಗುವ ಯುಎಂಎಲ್ (ಸಾಫ್ಟ್‌ವೇರ್ ವಿನ್ಯಾಸವನ್ನು ಚಿತ್ರಿಸುವ ಪ್ರಮಾಣಿತ ಚಿತ್ರಭಾಷೆ) ಸೀಕ್ವೆನ್ಸ್ ಡಯಾಗ್ರಾಮ್ ಬರೆಯಬೇಕು. ಖಾತೆಯಿಂದ ಹಣ ಕಡಿತವಾಗಿಯೂ ಟಿಕೆಟ್ ಬಾರದಿರುವ ಸಾಧ್ಯತೆ, ಫ್ಲೋಚಾರ್ಟಿನಲ್ಲಿ ಸುಲಭವಾಗಿ ಕಣ್ತಪ್ಪುವಂಥದ್ದು, ಇದರಲ್ಲಿ ಎದ್ದು ಕಾಣುತ್ತದೆ. ಇನ್ನು ಟಿಕೆಟ್ ವೇಟಿಂಗ್ ಲಿಸ್ಟ್‌ನಿಂದ ಆರ್‌ಎಸಿಗೆ (ಸೀಟು ಹಂಚಿಕೊಂಡು ಪ್ರಯಾಣಿಸಬಹುದಾದ ಸ್ಥಿತಿಗೆ), ಅಲ್ಲಿಂದ ಕನ್‌ಫರ್ಮ್ ಆಗುವತ್ತ ಅಥವಾ ರದ್ದಾಗುವತ್ತ ಸಾಗುವುದನ್ನು ತೋರಿಸಲು ಸ್ಟೇಟ್ (ಸ್ಥಿತಿ) ಡಯಾಗ್ರಾಮ್ ಸೂಕ್ತ.